ಶ್ರವಣಯಂತ್ರದ ಆರೈಕೆ: ಮನೆಯಲ್ಲೇ ಮಾಡಬೇಕಾದ ಶುಚಿತ್ವದ ಕೆಲಸಗಳು

ಕಿವಿಗೆ ಮೆಷಿನ್ ಹಾಕಿಸಿಕೊಂಡ ಹಿರಿಯರು ಕೆಲವೇ ತಿಂಗಳಲ್ಲಿ ಅದನ್ನು ಬೀರುವಿನೊಳಗೆ ಇಟ್ಟು, ‘ಅದು ಕೆಟ್ಟುಹೋಗಿದೆ, ಏನೂ ಕೇಳಿಸುವುದಿಲ್ಲ’ ಎಂದು ಹೇಳುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಹೀಗೆ ಮೂಲೆ ಸೇರಿದ ಯಂತ್ರವನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಯಂತ್ರದಲ್ಲಿ ದೋಷವೇ ಇರುವುದಿಲ್ಲ. ಧ್ವನಿ ಹೊರಬರುವ ಸಣ್ಣ ರಂಧ್ರದಲ್ಲಿ ಗುಗ್ಗೆ ಕಟ್ಟಿಕೊಂಡಿರುತ್ತದೆ, ಇಲ್ಲವೇ ಟ್ಯೂಬಿನೊಳಗೆ ನೀರಿನ ಹನಿ ನಿಂತಿರುತ್ತದೆ, ಇಲ್ಲವೇ ಸೆಲ್ ಮುಗಿದಿರುತ್ತದೆ. ಈ ಮೂರಕ್ಕೂ ಪರಿಹಾರ ಮನೆಯಲ್ಲೇ ಇದೆ. ದಿನಕ್ಕೆ ಐದು ನಿಮಿಷ, ವಾರಕ್ಕೊಮ್ಮೆ ಸ್ವಲ್ಪ ಹೆಚ್ಚು ಸಮಯ ಕೊಟ್ಟರೆ ಸಾವಿರಾರು ರೂಪಾಯಿ ತೆತ್ತು ತಂದ ಯಂತ್ರ ವರ್ಷಗಟ್ಟಲೆ ಬಾಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಧರಿಸಿದವರು ಮನೆಯ ಮಾತಿನಿಂದ ದೂರವಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಎಪ್ಪತ್ತು ದಾಟಿದವರಿಗೆ ಕಣ್ಣು ಮಂಜಾಗಿರುತ್ತದೆ, ಬೆರಳು ನಡುಗುತ್ತಿರುತ್ತದೆ. ಸಾಸಿವೆ ಕಾಳಿನಷ್ಟು ಚಿಕ್ಕದಾದ ಭಾಗಗಳನ್ನು ಬಿಚ್ಚಿ ಜೋಡಿಸುವ ಕೆಲಸವನ್ನು ಅವರೊಬ್ಬರ ಮೇಲೆಯೇ ಬಿಡುವುದು ಸರಿಯಲ್ಲ. ಯಂತ್ರವನ್ನು ಕೊಡಿಸುವ ದಿನ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಎಲ್ಲವನ್ನೂ ತೋರಿಸಿಕೊಡುವಾಗ ಮಗನೋ ಸೊಸೆಯೋ ಮೊಮ್ಮಗಳೋ ಪಕ್ಕದಲ್ಲಿ ಕುಳಿತು ಕಲಿತುಕೊಳ್ಳಬೇಕು. ಸಾಧ್ಯವಾದರೆ ಅವರ ಅನುಮತಿ ಪಡೆದು ಫೋನಿನಲ್ಲಿ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ನಿಮ್ಮಲ್ಲಿರುವುದು ಯಾವ ಬಗೆಯದು?

ಶುಚಿಮಾಡುವ ವಿಧಾನ ಯಂತ್ರದ ಬಗೆಯನ್ನು ಅವಲಂಬಿಸಿರುವುದರಿಂದ ಇದನ್ನು ಮೊದಲು ಗುರುತಿಸಿಕೊಳ್ಳಬೇಕು. ಮೊದಲನೆಯದು, ಕಿವಿಯ ಹಿಂದೆ ಕೂರುವ ಯಂತ್ರದಿಂದ ಒಂದು ದಪ್ಪ ಪಾರದರ್ಶಕ ಟ್ಯೂಬ್ ಇಳಿದು, ಕಿವಿಯ ಅಳತೆಗೆ ಅಚ್ಚು ತೆಗೆದು ಮಾಡಿದ ಮೋಲ್ಡಿಗೆ ಸೇರುವ ಬಗೆ. ಇದರಲ್ಲಿ ಧ್ವನಿ ಉಂಟಾಗುವುದು ಹಿಂದಿನ ಯಂತ್ರದಲ್ಲಿ. ಟ್ಯೂಬ್ ಮತ್ತು ಮೋಲ್ಡ್ ಅದನ್ನು ಕಿವಿಯೊಳಗೆ ಸಾಗಿಸುವ ದಾರಿ ಮಾತ್ರ. ಎರಡನೆಯದು ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಟ್ಯೂಬಿನ ಬದಲು ತೆಳುವಾದ ತಂತಿ ಇರುತ್ತದೆ. ಧ್ವನಿ ಹೊರಡಿಸುವ ಪುಟಾಣಿ ಸ್ಪೀಕರ್ ಆ ತಂತಿಯ ತುದಿಯಲ್ಲಿ, ಕಿವಿಯ ಒಳಗೇ ಕೂರುತ್ತದೆ. ಇದನ್ನು ರಿಸೀವರ್ ಎನ್ನುತ್ತಾರೆ, ಅದರ ಮೇಲೆ ಡೋಮ್ ಎಂಬ ಮೆತ್ತನೆಯ ಸಿಲಿಕೋನ್ ಟೊಪ್ಪಿ ಇರುತ್ತದೆ. ಮೂರನೆಯದು ಇಡೀ ಯಂತ್ರವೇ ಕಿವಿಯೊಳಗೆ ಅಡಗುವ ಬಗೆ. ನಾಲ್ಕನೆಯದು ಜೇಬಿನಲ್ಲಿಟ್ಟುಕೊಳ್ಳುವ, ವೈರ್ ಇಳಿಬಿಟ್ಟ ಹಳೆಯ ಬಗೆ. ಇದು ಈಗ ಕಡಿಮೆಯಾಗಿದ್ದರೂ ಪೂರ್ತಿ ಮಾಯವಾಗಿಲ್ಲ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಮೊದಲನೆಯ ಬಗೆಯಲ್ಲಿ ಮೋಲ್ಡನ್ನು ಯಂತ್ರದಿಂದ ಬೇರ್ಪಡಿಸಿ ನೀರಿನಲ್ಲಿ ತೊಳೆಯಬಹುದು, ತೊಳೆಯಲೇಬೇಕು. ಎರಡನೆಯ ಮತ್ತು ಮೂರನೆಯ ಬಗೆಗಳಿಗೆ ನೀರನ್ನು ಸೋಕಿಸಲೇಬಾರದು. ತಂತಿಯ ತುದಿಯ ರಿಸೀವರನ್ನು ಮೋಲ್ಡ್ ಎಂದು ತಿಳಿದು ಸೋಪಿನ ನೀರಿಗೆ ಅದ್ದಿದರೆ ಅದು ಅಲ್ಲಿಗೇ ಹಾಳಾಗುತ್ತದೆ.

ಎರಡೂ ಕಿವಿಗೆ ಯಂತ್ರವಿದ್ದರೆ ಬಲಗಿವಿಯದಕ್ಕೆ ಕೆಂಪು, ಎಡಗಿವಿಯದಕ್ಕೆ ನೀಲಿ ಗುರುತು ಇರುತ್ತದೆ. ಎರಡನ್ನೂ ಒಟ್ಟಿಗೆ ಬಿಚ್ಚಿಡದೆ, ಒಂದನ್ನು ಪೂರ್ತಿ ಮುಗಿಸಿದ ಮೇಲೆ ಇನ್ನೊಂದನ್ನು ಕೈಗೆತ್ತಿಕೊಂಡರೆ ಅದಲುಬದಲಾಗುವ ಭಯವಿಲ್ಲ.

ಬೇಕಾಗುವ ಸಾಮಾನು

ಹತ್ತಿಯ ಮೆತ್ತನೆಯ ಒಣಬಟ್ಟೆ ಅಥವಾ ಕನ್ನಡಕ ಒರೆಸುವ ಬಟ್ಟೆ, ಯಂತ್ರದ ಜೊತೆಗೆ ಕೊಟ್ಟ ಚಿಕ್ಕ ಬ್ರಷ್, ಗುಗ್ಗೆ ತೆಗೆಯುವ ಸಣ್ಣ ತಂತಿಯ ಕುಣಿಕೆ, ಟ್ಯೂಬಿನೊಳಗೆ ಗಾಳಿ ಊದಲು ಒಂದು ರಬ್ಬರ್ ಬ್ಲೋವರ್, ತೇವ ಹೀರುವ ಡಬ್ಬಿ. ಇಷ್ಟೇ ಸಾಕು. ಬ್ರಷ್ ಕಳೆದುಹೋಗಿದ್ದರೆ ಮೆತ್ತನೆಯ ಎಳೆಗಳ ಹೊಸ ಹಲ್ಲುಜ್ಜುವ ಬ್ರಷ್ಷೊಂದನ್ನು ಇದಕ್ಕೆಂದೇ ಮೀಸಲಿಡಬಹುದು. ಸ್ಪಿರಿಟ್, ಸ್ಯಾನಿಟೈಸರ್, ಡೆಟಾಲ್, ಬಿಸಿನೀರು, ಒದ್ದೆ ಬಟ್ಟೆ, ಗುಂಡುಸೂಜಿ ಇವುಗಳನ್ನು ಹತ್ತಿರಕ್ಕೂ ತರಬಾರದು. ಸ್ಪಿರಿಟ್ ಪ್ಲಾಸ್ಟಿಕ್ಕಿನ ಹೊರಮೈಯನ್ನೂ ಮೋಲ್ಡನ್ನೂ ಕೆಡಿಸುತ್ತದೆ, ಸೂಜಿಯಂತೂ ರಂಧ್ರದೊಳಗಿನ ನಾಜೂಕಾದ ಭಾಗವನ್ನೇ ತೂತು ಮಾಡುತ್ತದೆ.

ಕೆಲಸಕ್ಕೆ ಕೂರುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು. ಮಂಚದ ಮೇಲೋ ಮೇಜಿನ ಮೇಲೋ ಒಂದು ಟವೆಲ್ ಹಾಸಿಕೊಂಡು, ಚೆನ್ನಾಗಿ ಬೆಳಕಿರುವ ಕಡೆ ಕುಳಿತುಕೊಳ್ಳಬೇಕು. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಬಿದ್ದರೆ ಯಂತ್ರ ಒಡೆಯುತ್ತದೆ. ಟವೆಲಿನ ಮೇಲೆ ಬಿದ್ದರೆ ಏನೂ ಆಗುವುದಿಲ್ಲ, ಜಾರಿದ ಚಿಕ್ಕ ಭಾಗವೂ ಕಣ್ಣಿಗೆ ಬೀಳುತ್ತದೆ.

ರಾತ್ರಿ ಒರೆಸುವುದು, ಬೆಳಿಗ್ಗೆ ಬ್ರಷ್ ಮಾಡುವುದು

ರಾತ್ರಿ ಯಂತ್ರವನ್ನು ಕಿವಿಯಿಂದ ತೆಗೆದ ಕೂಡಲೇ ಒಣಬಟ್ಟೆಯಿಂದ ಅದರ ಮೈಯನ್ನೆಲ್ಲ ಒರೆಸಬೇಕು. ಕಿವಿಯ ಹಿಂಭಾಗಕ್ಕೆ ತಾಗುವ ಒಳಮೈಯಲ್ಲಿ ಬೆವರು ಹೆಚ್ಚು ಕೂರುತ್ತದೆ, ಅದನ್ನು ವಿಶೇಷವಾಗಿ ಗಮನಿಸಬೇಕು. ಬಳಿಕ ಸೆಲ್ ಬಾಗಿಲನ್ನು ಪೂರ್ತಿ ತೆರೆದಿಡಬೇಕು. ಇದರಿಂದ ಸೆಲ್ ಉಳಿಯುತ್ತದೆ, ಒಳಗಿನ ತೇವವೂ ಹೊರಗೆ ಹೋಗುತ್ತದೆ.

ಬ್ರಷ್ ಮಾಡುವುದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಗತಾನೇ ಕಿವಿಯಿಂದ ಬಂದ ಗುಗ್ಗೆ ಮೇಣದಂತೆ ಮೆತ್ತಗಿದ್ದು, ಬ್ರಷ್ ಆಡಿಸಿದರೆ ಹರಡಿ ರಂಧ್ರದೊಳಕ್ಕೇ ಸೇರಿಕೊಳ್ಳುತ್ತದೆ. ರಾತ್ರಿ ಕಳೆದು ಒಣಗಿದ ಮೇಲೆ ಸುಲಭವಾಗಿ ಉದುರುತ್ತದೆ. ಧ್ವನಿ ಹೊರಬರುವ ರಂಧ್ರವನ್ನು ಕೆಳಮುಖವಾಗಿ ಹಿಡಿದು, ಕೆಳಗಿನಿಂದ ಬ್ರಷ್ ಆಡಿಸಬೇಕು. ಆಗ ಉದುರಿದ ಕಸ ನೆಲಕ್ಕೆ ಬೀಳುತ್ತದೆಯೇ ಹೊರತು ಯಂತ್ರದೊಳಕ್ಕೆ ಹೋಗುವುದಿಲ್ಲ. ಮೈಕಿನ ರಂಧ್ರಗಳು ಯಂತ್ರದ ಮೇಲ್ಭಾಗದಲ್ಲಿ ಸಣ್ಣ ಸೀಳುಗಳಂತೆ ಇರುತ್ತವೆ. ಅವುಗಳ ಮೇಲೆ ಹಗುರವಾಗಿ ಅಡ್ಡಕ್ಕೆ ಬ್ರಷ್ ಎಳೆಯಬೇಕಷ್ಟೆ, ಒಳಕ್ಕೆ ಚುಚ್ಚಬಾರದು. ಗುಗ್ಗೆಗೆ ತಾಗಿದ ಬ್ರಷ್ಷನ್ನೇ ಮೈಕಿಗೂ ಬಳಸಿದರೆ ಜಿಡ್ಡು ಅಲ್ಲಿಗೆ ಅಂಟುತ್ತದೆ. ಆದ್ದರಿಂದ ಮೈಕನ್ನು ಮೊದಲು ಶುಚಿಮಾಡಿ, ಗುಗ್ಗೆಯ ಭಾಗವನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಮೋಲ್ಡ್ ತೊಳೆಯುವ ಕ್ರಮ

ಇದನ್ನು ವಾರಕ್ಕೊಮ್ಮೆಯಾದರೂ ಮಾಡಬೇಕು. ಕಿವಿಯಲ್ಲಿ ಗುಗ್ಗೆ ಹೆಚ್ಚಾಗಿ ಬರುವವರು ವಾರಕ್ಕೆ ಎರಡು ಮೂರು ಸಲ ಮಾಡಿದರೂ ತಪ್ಪಿಲ್ಲ. ರಾತ್ರಿಯ ಹೊತ್ತು ಮಾಡಿದರೆ ಒಣಗಲು ಸಾಕಷ್ಟು ಸಮಯ ಸಿಗುತ್ತದೆ.

1. ಯಂತ್ರದ ತುದಿಯಲ್ಲಿರುವ ಗಟ್ಟಿ ಕೊಕ್ಕೆಯನ್ನು ಒಂದು ಕೈಯಲ್ಲಿಯೂ ಅದಕ್ಕೆ ಸಿಕ್ಕಿಸಿದ ಟ್ಯೂಬಿನ ತುದಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ನಿಧಾನವಾಗಿ ತಿರುವುತ್ತ ಟ್ಯೂಬನ್ನು ಹೊರಗೆಳೆಯಿರಿ. ಮೋಲ್ಡ್ ಹಿಡಿದು ಎಳೆಯಬೇಡಿ. ಟ್ಯೂಬ್ ಮೋಲ್ಡಿನಿಂದಲೇ ಕಿತ್ತುಬರಬಹುದು. ಬಿಚ್ಚುವ ಮೊದಲು ಮೋಲ್ಡ್ ಯಾವ ಕಡೆಗೆ ತಿರುಗಿಕೊಂಡಿದೆ ಎಂದು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಗೊಂದಲವಾಗದು.

2. ಯಂತ್ರವನ್ನು ನೀರಿನಿಂದ ದೂರ, ಬೇರೆ ಕೋಣೆಯಲ್ಲಿ ಇಡಿ.

3. ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಒಂದೆರಡು ಹನಿ ಬೇಬಿ ಶಾಂಪೂ ಅಥವಾ ಸೌಮ್ಯವಾದ ಸೋಪಿನ ದ್ರಾವಣ ಬೆರೆಸಿ, ಮೋಲ್ಡನ್ನೂ ಟ್ಯೂಬನ್ನೂ ಅದರಲ್ಲಿ ಹತ್ತು ನಿಮಿಷ ನೆನೆಸಿ.

4. ಮೆದುವಾದ ಗುಗ್ಗೆಯನ್ನು ಬ್ರಷ್ಷಿನಿಂದಲೂ ಕುಣಿಕೆಯಿಂದಲೂ ತೆಗೆಯಿರಿ. ಮೋಲ್ಡಿನಲ್ಲಿ ಧ್ವನಿಯ ದಾರಿಯಲ್ಲದೆ ಗಾಳಿಯಾಡಲು ಇನ್ನೊಂದು ಸಣ್ಣ ರಂಧ್ರವಿರಬಹುದು. ಅದಕ್ಕೆ ಕಿಟ್ಟಿನಲ್ಲಿರುವ ನೈಲಾನ್ ಎಳೆಯನ್ನು ತೂರಿಸಿ ಹೊರತೆಗೆಯಿರಿ. ಈ ರಂಧ್ರ ಮುಚ್ಚಿಕೊಂಡರೆ ತಮ್ಮದೇ ಮಾತು ಕೊಡದೊಳಗಿನಿಂದ ಬಂದಂತೆ ಕೇಳಿಸತೊಡಗುತ್ತದೆ.

5. ಶುದ್ಧ ನೀರಿನಲ್ಲಿ ಜಾಲಿಸಿ, ಬಟ್ಟೆಯಿಂದ ಒರೆಸಿ, ರಬ್ಬರ್ ಬ್ಲೋವರಿನ ಮೂತಿಯನ್ನು ಟ್ಯೂಬಿನ ತುದಿಗೆ ಇಟ್ಟು ನಾಲ್ಕೈದು ಸಲ ಅದುಮಿ. ಬಾಯಿಂದ ಊದಬಾರದು, ಉಸಿರಿನಲ್ಲೇ ತೇವವಿದೆ.

6. ರಾತ್ರಿಯಿಡೀ ನೆರಳಿನಲ್ಲಿ ಒಣಗಲು ಬಿಡಿ. ಬೆಳಿಗ್ಗೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ ಒಂದೂ ಹನಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಯಂತ್ರಕ್ಕೆ ಸಿಕ್ಕಿಸಿ.

ಟ್ಯೂಬ್ ಹೊಸದಾಗಿರುವಾಗ ಮೆತ್ತಗೆ, ಪಾರದರ್ಶಕವಾಗಿ ಇರುತ್ತದೆ. ದಿನಗಳೆದಂತೆ ಹಳದಿಯಾಗಿ ಗಟ್ಟಿಯಾಗುತ್ತದೆ, ಸೀಳು ಬಿಡುತ್ತದೆ. ಸೀಳಿನಿಂದ ಧ್ವನಿ ಸೋರಿ ಸಿಳ್ಳೆ ಶುರುವಾಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಟ್ಯೂಬ್ ಬದಲಾಯಿಸಿಕೊಳ್ಳುವುದು ವಾಡಿಕೆ. ಹೊಸ ಟ್ಯೂಬನ್ನು ಕಿವಿಯ ಅಳತೆಗೆ ಸರಿಯಾಗಿ ಕತ್ತರಿಸಬೇಕಾದ್ದರಿಂದ ಇದನ್ನು ಯಂತ್ರ ಕೊಂಡ ಶ್ರವಣ ಕೇಂದ್ರದಲ್ಲಿಯೇ ಮಾಡಿಸಬೇಕು; ಖರ್ಚು ಅಲ್ಪ, ಕೆಲಸ ಕೆಲವೇ ನಿಮಿಷದ್ದು.

ದಪ್ಪ ಟ್ಯೂಬಿನ ಬದಲು ನೂಲಿನಂತಹ ತೆಳು ಟ್ಯೂಬ್ ಇರುವ ಯಂತ್ರಗಳಿಗೆ ನೀರು ಬೇಡ, ಏಕೆಂದರೆ ಒಳಗೆ ಸೇರಿದ ಹನಿ ಹೊರಬರುವುದಿಲ್ಲ. ಅವುಗಳ ಜೊತೆಗೆ ಕೊಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಯಂತ್ರದ ಕಡೆಯ ತುದಿಯಿಂದ ತೂರಿಸಿ ಡೋಮಿನ ಕಡೆಗೆ ಹೊರತೆಗೆಯಬೇಕು.

ಡೋಮ್ ಮತ್ತು ವ್ಯಾಕ್ಸ್ ಗಾರ್ಡ್

ತಂತಿ ಮತ್ತು ರಿಸೀವರ್ ಇರುವ ಯಂತ್ರದಲ್ಲಿ ಡೋಮನ್ನು ದಿನವೂ ಒಣಬಟ್ಟೆಯಿಂದ ಒರೆಸಬೇಕು. ಎರಡು ಮೂರು ತಿಂಗಳಲ್ಲಿ ಅದು ಗಡುಸಾಗುತ್ತದೆ, ಬಣ್ಣ ಮಾಸುತ್ತದೆ. ಆಗ ಹೊಸದನ್ನು ಹಾಕಬೇಕು. ಹೊಸ ಡೋಮನ್ನು ರಿಸೀವರಿನ ಅಂಚಿನವರೆಗೆ ಪೂರ್ತಿ ಒತ್ತಿ ಕೂರಿಸಿ, ಬೆರಳಿನಿಂದ ಮೆಲ್ಲಗೆ ಎಳೆದು ನೋಡಬೇಕು. ಅರೆಬರೆ ಕೂರಿಸಿದ ಡೋಮ್ ಯಂತ್ರ ತೆಗೆಯುವಾಗ ಕಿವಿಯೊಳಗೇ ಉಳಿದುಬಿಡಬಹುದು. ಹಾಗಾದರೆ ಮನೆಯಲ್ಲಿ ಚಿಮಟ ಹಾಕಿ ತೆಗೆಯುವ ಪ್ರಯತ್ನ ಬೇಡ, ಇ.ಎನ್.ಟಿ. ವೈದ್ಯರಲ್ಲಿಗೆ ಹೋಗಬೇಕು.

ಡೋಮನ್ನು ತೆಗೆದರೆ ರಿಸೀವರಿನ ತುದಿಯಲ್ಲಿ ಬಿಳಿಯ ಪುಟ್ಟ ಜಾಲರಿಯೊಂದು ಕಾಣುತ್ತದೆ. ಇದೇ ವ್ಯಾಕ್ಸ್ ಗಾರ್ಡ್. ಗುಗ್ಗೆ ಸ್ಪೀಕರಿಗೆ ತಲುಪದಂತೆ ತಡೆಯುವುದೇ ಇದರ ಕೆಲಸವಾದ್ದರಿಂದ ಕಟ್ಟಿಕೊಳ್ಳುವುದು ಅದರ ಸಹಜ ಗತಿ. ಅದನ್ನು ಕೆರೆದು ತೊಳೆಯುವಂತಿಲ್ಲ, ಬದಲಾಯಿಸಬೇಕು. ಹೊಸ ಗಾರ್ಡುಗಳು ಚಿಕ್ಕ ಕಡ್ಡಿಗಳ ರೂಪದಲ್ಲಿ ಬರುತ್ತವೆ. ಸಾಮಾನ್ಯವಾಗಿ ಕಡ್ಡಿಯ ಒಂದು ತುದಿ ಖಾಲಿ, ಇನ್ನೊಂದು ತುದಿಯಲ್ಲಿ ಹೊಸ ಜಾಲರಿ. ಖಾಲಿ ತುದಿಯನ್ನು ಹಳೆಯ ಜಾಲರಿಯೊಳಕ್ಕೆ ನೇರವಾಗಿ ಒತ್ತಿ, ತಿರುಚದೆ ನೇರವಾಗಿ ಎಳೆದರೆ ಹಳೆಯದು ಅಂಟಿಕೊಂಡು ಬರುತ್ತದೆ. ಕಡ್ಡಿಯನ್ನು ತಿರುಗಿಸಿ ಹೊಸದನ್ನು ಅದೇ ಜಾಗಕ್ಕೆ ಒತ್ತಿ ಹಿಂದಕ್ಕೆಳೆದರೆ ಅದು ಅಲ್ಲಿಯೇ ಕೂರುತ್ತದೆ. ತಿಂಗಳಿಗೊಮ್ಮೆ ಅಥವಾ ಧ್ವನಿ ಕುಗ್ಗಿತೆನಿಸಿದಾಗ ಇದನ್ನು ಮಾಡಬೇಕು. ‘ಯಂತ್ರ ಸತ್ತುಹೋಯಿತು’ ಎಂದು ಕೇಂದ್ರಕ್ಕೆ ಓಡುವ ಮುನ್ನ ಈ ಒಂದು ಕೆಲಸವನ್ನು ಮಾಡಿ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಂದು ಕಂಪನಿಯ ಗಾರ್ಡ್ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಕೊಳ್ಳಲು ಹೋಗುವಾಗ ಹಳೆಯ ಪ್ಯಾಕೆಟ್ಟನ್ನು ಜೊತೆಗೆ ಒಯ್ಯಬೇಕು. ಪೂರ್ತಿ ಕಿವಿಯೊಳಗೆ ಕೂರುವ ಯಂತ್ರಗಳಲ್ಲಿಯೂ ಇಂತಹ ಜಾಲರಿ ಸಾಮಾನ್ಯವಾಗಿ ಇರುತ್ತದೆ, ಅದಕ್ಕೂ ಇದೇ ಕ್ರಮ.

ಸೆಲ್ಲಿನ ವಿಷಯ

ಶ್ರವಣಯಂತ್ರಕ್ಕೆ ಬಳಸುವ ಗುಂಡಿಯಂತಹ ಸೆಲ್ಲುಗಳು ಸತು ಮತ್ತು ಗಾಳಿಯ ಸೆಲ್ಲುಗಳು. ಮೇಲಿನ ಬಣ್ಣದ ಸ್ಟಿಕರ್ ತೆಗೆದಾಗ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಹೋಗಿ, ಅದರಲ್ಲಿರುವ ಆಮ್ಲಜನಕ ಒಳಗಿನ ಸತುವಿನೊಂದಿಗೆ ಸೇರಿದಾಗಲೇ ವಿದ್ಯುತ್ ಹುಟ್ಟುತ್ತದೆ. ಆದ್ದರಿಂದ ಸ್ಟಿಕರ್ ಕಿತ್ತ ತಕ್ಷಣ ಯಂತ್ರಕ್ಕೆ ಹಾಕದೆ ಒಂದು ನಿಮಿಷವಾದರೂ, ಸಾಧ್ಯವಿದ್ದರೆ ಮೂರ್ನಾಲ್ಕು ನಿಮಿಷ, ಹೊರಗೆ ಬಿಡಬೇಕು. ಒಮ್ಮೆ ಕಿತ್ತ ಸ್ಟಿಕರನ್ನು ಮತ್ತೆ ಅಂಟಿಸಿ ಉಳಿಸಿಕೊಳ್ಳುತ್ತೇನೆಂದರೆ ಆಗದು. ಸೆಲ್ ತನ್ನಷ್ಟಕ್ಕೆ ಖರ್ಚಾಗುತ್ತಲೇ ಇರುತ್ತದೆ. ಅದಕ್ಕಾಗಿಯೇ ಹೊಸ ಸೆಲ್ ಬೇಕಾದ ಗಳಿಗೆಯಲ್ಲಿ ಮಾತ್ರ ಸ್ಟಿಕರ್ ತೆಗೆಯಬೇಕು.

ಅಳತೆಗಳನ್ನು ಸ್ಟಿಕರಿನ ಬಣ್ಣದಿಂದ ಗುರುತಿಸಬಹುದು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಚಿಕ್ಕದಾದ 10ರ ಸೆಲ್ ಒಂದು ವಾರದೊಳಗೇ ಮುಗಿಯಬಹುದು, ದೊಡ್ಡದಾದ 675 ಎರಡು ವಾರಕ್ಕಿಂತ ಹೆಚ್ಚು ಬರಬಹುದು. ಯಂತ್ರದ ಶಕ್ತಿ ಮತ್ತು ದಿನಕ್ಕೆಷ್ಟು ಗಂಟೆ ಬಳಸುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ಹೊಸ ಸೆಲ್ ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯ ಪದ್ಧತಿ. ಸೆಲ್ ಎಂದಿಗಿಂತ ಬೇಗ ಮುಗಿಯತೊಡಗಿದರೆ ಯಂತ್ರವನ್ನು ತೋರಿಸಬೇಕೆಂದು ಅದರಿಂದ ಗೊತ್ತಾಗುತ್ತದೆ. ರಂಧ್ರಗಳಿರುವ ಚಪ್ಪಟೆ ಬದಿಯೇ ಧನ ಬದಿ. ಬಾಗಿಲಿನಲ್ಲಿರುವ ಗುರುತಿಗೆ ಅದನ್ನು ಹೊಂದಿಸಿ ಹಾಕಬೇಕು. ಬಾಗಿಲು ಸಲೀಸಾಗಿ ಮುಚ್ಚದಿದ್ದರೆ ಸೆಲ್ ತಲೆಕೆಳಗಾಗಿದೆ ಎಂದೇ ತಿಳಿಯಬೇಕು, ಒತ್ತಿ ಮುಚ್ಚಿದರೆ ಬಾಗಿಲಿನ ಕೀಲು ಮುರಿಯುತ್ತದೆ. ಸೆಲ್ಲುಗಳನ್ನು ಫ್ರಿಜ್ಜಿನಲ್ಲಿಡುವುದರಿಂದ ಲಾಭವಿಲ್ಲ, ಹೊರತೆಗೆದಾಗ ಅವುಗಳ ಮೇಲೆ ನೀರು ಕಟ್ಟುತ್ತದೆ. ಕೋಣೆಯಲ್ಲೇ ಒಣಜಾಗದಲ್ಲಿ ಇಟ್ಟರೆ ಸಾಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೊಸ ಸೆಲ್ಲನ್ನೂ ಮುಗಿದ ಸೆಲ್ಲನ್ನೂ ಅವರ ಕೈಗೆ ಸಿಗದಂತೆ ಇಡಬೇಕು. ಹಿರಿಯರು ಅದನ್ನು ಮಾತ್ರೆಗಳ ಪಕ್ಕದಲ್ಲಿಟ್ಟು ಮಾತ್ರೆಯೆಂದೇ ನುಂಗುವ ಅಪಾಯವೂ ಉಂಟು, ಆದ್ದರಿಂದ ಮಾತ್ರೆಯ ಡಬ್ಬಿಯ ಹತ್ತಿರ ಸೆಲ್ ಇಡಲೇಬಾರದು. ಯಾರಾದರೂ ನುಂಗಿದರೆ, ಅಥವಾ ಮಗು ಮೂಗಿಗೋ ಕಿವಿಗೋ ತುರುಕಿಕೊಂಡಿದ್ದರೆ, ವಾಂತಿ ಮಾಡಿಸಲು ಹೋಗದೆ, ಕಾದು ನೋಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಚಾರ್ಜ್ ಮಾಡುವ ಯಂತ್ರವಾದರೆ, ಚಾರ್ಜರಿನಲ್ಲಿ ಇಡುವ ಮೊದಲು ಬೆವರನ್ನು ಒರೆಸಿ, ಲೋಹದ ಬಿಂದುಗಳು ಒಣಗಿವೆಯೇ ಎಂದು ನೋಡಬೇಕು. ಚಾರ್ಜರನ್ನು ಒಲೆಯ ಹತ್ತಿರ ಅಥವಾ ಕಿಟಕಿಯ ಬಿಸಿಲಿನಲ್ಲಿ ಇಡಬಾರದು.

ಮಳೆಗಾಲ, ಬೆವರು ಮತ್ತು ಎಣ್ಣೆ

ಉಡುಪಿ, ಮಂಗಳೂರು, ಕಾರವಾರದ ಕರಾವಳಿಯಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ. ಆಗುಂಬೆ, ಮಡಿಕೇರಿಯಂತಹ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿಯ ಮೇಲೆ ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂತಹ ಗಾಳಿಯಲ್ಲಿ ಯಂತ್ರದ ಒಳಗೂ ತೇವ ಸೇರುತ್ತದೆ, ಸೆಲ್ ಕೂರುವ ಲೋಹದ ಭಾಗಗಳ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಕಿಲುಬು ಕಟ್ಟುತ್ತದೆ, ಧ್ವನಿ ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ. ಇಲ್ಲಿ ವಾಸಿಸುವವರಿಗೆ ತೇವ ಹೀರುವ ಡಬ್ಬಿ ಐಚ್ಛಿಕವಲ್ಲ, ಅದು ಯಂತ್ರದ ಒಂದು ಭಾಗವೆಂದೇ ತಿಳಿಯಬೇಕು.

ಡಬ್ಬಿಯೊಳಗೆ ಸಿಲಿಕಾ ಜೆಲ್ ಹರಳುಗಳಿರುತ್ತವೆ. ರಾತ್ರಿ ಯಂತ್ರವನ್ನು ಒರೆಸಿ, ಸೆಲ್ಲನ್ನು ಹೊರತೆಗೆದು, ಬಾಗಿಲು ತೆರೆದೇ ಡಬ್ಬಿಯೊಳಗಿಟ್ಟು ಮುಚ್ಚಳವನ್ನು ಬಿಗಿಯಾಗಿ ಹಾಕಬೇಕು. ಸೆಲ್ಲನ್ನು ಒಳಗಿಡಬಾರದು, ಅದರೊಳಗಿನ ತೇವಾಂಶವನ್ನೂ ಹರಳುಗಳು ಹೀರಿ ಸೆಲ್ಲಿನ ಆಯುಸ್ಸನ್ನು ಕಡಿಮೆ ಮಾಡುತ್ತವೆ. ಹರಳುಗಳ ಬಣ್ಣವನ್ನು ಆಗಾಗ ನೋಡುತ್ತಿರಬೇಕು: ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಹರಳು ಹಸಿರಾದರೆ ಅವು ತೇವದಿಂದ ತುಂಬಿವೆ ಎಂದರ್ಥ. ಆಗ ಹೊಸದನ್ನು ತರಬೇಕು. ಬಿಸಿಮಾಡಿ ಮತ್ತೆ ಬಳಸುವಂತಹದಾದರೆ ಡಬ್ಬಿಯ ಮೇಲೆ ಹೇಳಿರುವಂತೆ ಮಾಡಬೇಕು, ಆದರೆ ಅಡುಗೆಯ ಬಾಣಲೆಯಲ್ಲಿ ಖಂಡಿತ ಬೇಡ, ಏಕೆಂದರೆ ನೀಲಿ ಹರಳಿಗೆ ಬಣ್ಣ ಬರುವುದು ಕೋಬಾಲ್ಟ್ ಸೇರಿದ ವಿಷಕಾರಿ ಲವಣದಿಂದ. ಮುಗಿದ ಡಬ್ಬಿಯನ್ನೇ ವರ್ಷಗಟ್ಟಲೆ ಬಳಸುತ್ತ ‘ಡಬ್ಬಿಯಲ್ಲೇ ಇಡುತ್ತೇವೆ, ಆದರೂ ಹಾಳಾಯಿತು’ ಎನ್ನುವವರೇ ಹೆಚ್ಚು.

ಬಯಲುಸೀಮೆಯಲ್ಲಿ ಶತ್ರು ಬೇರೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಮತ್ತು ಧೂಳು ಸೇರಿ ಮೈಕಿನ ರಂಧ್ರ ಮುಚ್ಚುತ್ತವೆ. ಹೊಲದಲ್ಲಿ, ಕಣದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವರು ಮಧ್ಯಾಹ್ನವೂ ಒಮ್ಮೆ ಯಂತ್ರವನ್ನು ಒರೆಸಿಕೊಳ್ಳಬೇಕು. ಬೆವರು ಹೀರುವ ಬಟ್ಟೆಯ ಕವಚಗಳು ಕಿವಿಯ ಹಿಂದಿನ ಯಂತ್ರಗಳಿಗೆ ಸಿಗುತ್ತವೆ. ನಿಲ್ಲಿಸಿದ ಕಾರಿನೊಳಗೆ ಯಂತ್ರವನ್ನು ಬಿಟ್ಟುಹೋಗಬಾರದು.

ಇನ್ನು ತಲೆಗೆ ಹಚ್ಚುವ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಿಂದಲೇ ಯಂತ್ರ ಮುಟ್ಟಿದರೆ ಮೈಕಿನ ರಂಧ್ರದಲ್ಲಿ ಜಿಡ್ಡು ಕೂತು, ಅದರ ಮೇಲೆ ಪೌಡರ್ ಮತ್ತು ಧೂಳು ಅಂಟಿ ಗಟ್ಟಿಯಾಗುತ್ತದೆ. ಆದ್ದರಿಂದ ಎಣ್ಣೆ, ಪೌಡರ್, ಹೇರ್ ಸ್ಪ್ರೇ, ಮೆಹಂದಿ, ಹೇರ್ ಡೈ ಎಲ್ಲ ಮುಗಿದು ಕೈ ತೊಳೆದ ಮೇಲೆ, ಕೊನೆಯದಾಗಿ ಯಂತ್ರ ಧರಿಸಬೇಕು. ಯುಗಾದಿ ಮತ್ತು ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಕಿವಿಯೊಳಗೂ ಎಣ್ಣೆ ಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ಯಂತ್ರ ಹಾಕಿಕೊಳ್ಳುವವರಿಗೆ ಇದನ್ನು ಮಾಡಬಾರದು. ಎಣ್ಣೆ ಗುಗ್ಗೆಯೊಂದಿಗೆ ಸೇರಿ ರಿಸೀವರಿನೊಳಕ್ಕೆ ಇಳಿಯುತ್ತದೆ. ಹಿರಿಯರು ಬೇಸರ ಮಾಡಿಕೊಂಡರೂ ಇದನ್ನು ಪ್ರೀತಿಯಿಂದ ತಿಳಿಹೇಳಬೇಕು.

ನೀರಿಗೆ ಬಿದ್ದರೆ

ಕಿವಿಯಲ್ಲಿ ಯಂತ್ರವಿರುವುದನ್ನು ಮರೆತು ಸ್ನಾನಕ್ಕೆ ಹೋಗುವುದು, ಮಳೆಯಲ್ಲಿ ತೋಯುವುದು, ಅಂಗಿಯ ಜೇಬಿನೊಂದಿಗೆ ವಾಷಿಂಗ್ ಮೆಷಿನ್ನಿಗೆ ಹೋಗುವುದು ಎಲ್ಲವೂ ಆಗುತ್ತದೆ. ಕೂಡಲೇ ಸೆಲ್ ತೆಗೆದು, ಯಂತ್ರವನ್ನು ಮೆಲ್ಲಗೆ ಕೊಡವಿ, ಒಣಬಟ್ಟೆಯಿಂದ ಒರೆಸಿ, ಮೋಲ್ಡ್ ಬಿಚ್ಚಿ, ಬಾಗಿಲು ತೆರೆದು ತೇವ ಹೀರುವ ಡಬ್ಬಿಯಲ್ಲಿ ಒಂದು ರಾತ್ರಿಯಾದರೂ ಇಡಬೇಕು. ಆ ಸೆಲ್ಲನ್ನು ಮತ್ತೆ ಬಳಸಬಾರದು. ಹೇರ್ ಡ್ರೈಯರ್, ಬಿಸಿಲು, ಒಲೆಯ ಶಾಖ, ಮೈಕ್ರೋವೇವ್ ಇವುಗಳಿಂದ ಒಣಗಿಸಲು ಹೋದರೆ ನೀರಿಗಿಂತ ಹೆಚ್ಚು ಹಾನಿಯಾಗುತ್ತದೆ. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ, ಅಕ್ಕಿಯ ಹುಡಿ ರಂಧ್ರಗಳೊಳಗೆ ಸೇರುತ್ತದೆ. ‘ನೀರು ನಿರೋಧಕ’ ಎಂದು ಬರೆದಿರುವ ಯಂತ್ರವೂ ಬೆವರು ಮತ್ತು ತುಂತುರನ್ನು ತಡೆಯುವುದಕ್ಕೆಂದು ಇರುವುದೇ ಹೊರತು ಸೋಪು ಹಚ್ಚಿ ಸ್ನಾನ ಮಾಡುವುದಕ್ಕಲ್ಲ.

ಕೇಳಿ ಪರೀಕ್ಷಿಸುವುದು

ಮನೆಯವರು ಯಂತ್ರದ ಧ್ವನಿಯನ್ನು ತಾವೇ ಕೇಳಿ ನೋಡಲು ಸ್ಟೆತಸ್ಕೋಪಿನಂತಹ ಒಂದು ಸಾಧನ ಸಿಗುತ್ತದೆ, ಸ್ಟೆಟೋಕ್ಲಿಪ್ ಎನ್ನುತ್ತಾರೆ. ಹೆಚ್ಚು ಶಕ್ತಿಯ ಯಂತ್ರದ ಧ್ವನಿ ಚೆನ್ನಾಗಿ ಕೇಳುವ ಕಿವಿಗೆ ನೋವುಂಟುಮಾಡಬಹುದಾದ್ದರಿಂದ, ವಾಲ್ಯೂಮ್ ತಗ್ಗಿಸಿಯೇ ಇದನ್ನು ಕಿವಿಗಿಡಬೇಕು. ಮಾತು ಸ್ಪಷ್ಟವಾಗಿದೆಯೇ, ಕರಕರ ಸದ್ದಿದೆಯೇ, ನಡುನಡುವೆ ನಿಲ್ಲುತ್ತದೆಯೇ ಎಂದು ಗಮನಿಸಬೇಕು. ಇದೂ ಇಲ್ಲವಾದರೆ ಯಂತ್ರವನ್ನು ಚಾಲೂ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಸಿಳ್ಳೆಯಂತಹ ಸದ್ದು ಬಂದರೆ ಯಂತ್ರ ಜೀವಂತವಾಗಿದೆ. ಸಿಳ್ಳೆಯನ್ನು ಅಡಗಿಸುವ ವ್ಯವಸ್ಥೆಯಿರುವ ಹೊಸ ಯಂತ್ರಗಳಲ್ಲಿ ಈ ಪರೀಕ್ಷೆ ಯಾವಾಗಲೂ ನಡೆಯದು.

ಮಕ್ಕಳಿಗೆ ಇನ್ನೊಂದು ಪರೀಕ್ಷೆಯಿದೆ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ತಜ್ಞರಾಗಿದ್ದ ಡೇನಿಯಲ್ ಲಿಂಗ್ ಅವರ ಹೆಸರಿನಿಂದ ಪ್ರಸಿದ್ಧವಾದ ಆರು ಧ್ವನಿಗಳು ‘ಮ್’, ‘ಊ’, ‘ಆ’, ‘ಈ’, ‘ಶ್’, ‘ಸ್’. ಮಾತಿನ ತಗ್ಗಿದ ಸ್ವರದಿಂದ ಎತ್ತರದ ಸ್ವರದವರೆಗಿನ ವ್ಯಾಪ್ತಿಯನ್ನು ಇವು ಒಳಗೊಳ್ಳುತ್ತವೆ. ಬೆಳಿಗ್ಗೆ ಯಂತ್ರ ಹಾಕಿದ ಮೇಲೆ ಮಗುವಿನ ಬೆನ್ನ ಹಿಂದೆ ನಿಂತು ಇವನ್ನು ಒಂದೊಂದಾಗಿ ಹೇಳಬೇಕು. ಮಗು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕುವಂತೆ ಕಲಿಸಬಹುದು. ನಿನ್ನೆ ‘ಸ್’ ಕೇಳಿದ ಮಗುವಿಗೆ ಇಂದು ಕೇಳದಿದ್ದರೆ ಮೋಲ್ಡ್, ಟ್ಯೂಬ್, ಸೆಲ್ ಮೂರನ್ನೂ ನೋಡಬೇಕು. ಶಾಲೆಗೆ ಹೋಗುವ ಮಗು ತನ್ನ ಯಂತ್ರ ನಿಂತಿದೆ ಎಂದು ಹೇಳದೆ ಇಡೀ ದಿನ ಸುಮ್ಮನೆ ಕುಳಿತುಬಿಡಬಹುದು, ಅದಕ್ಕಾಗಿ ಈ ಎರಡು ನಿಮಿಷವನ್ನು ಯಾವ ದಿನವೂ ತಪ್ಪಿಸಬಾರದು.

ಧ್ವನಿ ಪೂರ್ತಿ ಇಲ್ಲದಿದ್ದರೆ ಮೊದಲು ಹೊಸ ಸೆಲ್, ಆಮೇಲೆ ವ್ಯಾಕ್ಸ್ ಗಾರ್ಡ್ ಅಥವಾ ಮೋಲ್ಡ್, ಆಮೇಲೆ ಟ್ಯೂಬಿನ ನೀರು, ಈ ಕ್ರಮದಲ್ಲಿ ನೋಡಬೇಕು. ಧರಿಸಿದಾಗ ಸಿಳ್ಳೆ ಬರುತ್ತಿದ್ದರೆ ಮೋಲ್ಡ್ ಸರಿಯಾಗಿ ಕೂತಿಲ್ಲ, ಟ್ಯೂಬ್ ಸೀಳಿದೆ, ಅಥವಾ ಕಿವಿಯಲ್ಲೇ ಗುಗ್ಗೆ ತುಂಬಿದೆ. ಬೆಳೆಯುವ ಮಕ್ಕಳ ಕಿವಿಗೆ ಹಳೆಯ ಮೋಲ್ಡ್ ಸಡಿಲವಾಗುವುದರಿಂದ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ತೆಗೆಸಬೇಕಾಗುತ್ತದೆ. ಜೇಬಿನ ಯಂತ್ರದಲ್ಲಿ ಧ್ವನಿ ಬಂದು ನಿಲ್ಲುತ್ತಿದ್ದರೆ ವೈರನ್ನು ಎರಡು ತುದಿಗಳಲ್ಲಿ ಮೆಲ್ಲಗೆ ಅಲುಗಾಡಿಸಿ ನೋಡಿ. ಹೆಚ್ಚಾಗಿ ಅದೇ ಒಳಗೆ ತುಂಡಾಗಿರುತ್ತದೆ, ಹೊಸ ವೈರ್ ಹಾಕಿದರೆ ಸರಿಹೋಗುತ್ತದೆ.

ಕಿವಿ, ಆಸ್ಪತ್ರೆ ಮತ್ತು ಕೇಂದ್ರ

ಯಂತ್ರವನ್ನಷ್ಟೇ ಶುಚಿಮಾಡಿ ಕಿವಿಯನ್ನು ಮರೆಯುವಂತಿಲ್ಲ. ಯಂತ್ರ ಧರಿಸುವವರ ಕಿವಿಯಲ್ಲಿ ಗುಗ್ಗೆ ಸಹಜವಾಗಿ ಹೊರಬರಲು ಅಡ್ಡಿಯಾಗುತ್ತದೆ. ಹಾಗೆಂದು ಹೇರ್‌ಪಿನ್, ಬೆಂಕಿಕಡ್ಡಿ, ಬೀಗದ ಕೈ ಹಾಕಿ ಕೆರೆದುಕೊಂಡರೆ ಗುಗ್ಗೆ ಇನ್ನೂ ಆಳಕ್ಕೆ ಹೋಗುತ್ತದೆ, ತಮಟೆಗೂ ಪೆಟ್ಟಾಗಬಹುದು. ಆರು ತಿಂಗಳಿಗೊಮ್ಮೆ ಇ.ಎನ್.ಟಿ. ವೈದ್ಯರಿಂದ ಕಿವಿ ನೋಡಿಸಿಕೊಂಡರೆ ಸಾಕು. ಕಿವಿ ಸೋರುತ್ತಿದ್ದರೆ, ನೋವು ಅಥವಾ ತುರಿಕೆಯಿದ್ದರೆ, ಮೋಲ್ಡ್ ತಾಗುವ ಜಾಗ ಹುಣ್ಣಾಗಿದ್ದರೆ, ಯಂತ್ರವನ್ನು ತೆಗೆದಿಟ್ಟು ವೈದ್ಯರನ್ನು ಕಾಣಬೇಕು.

ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಕೋಣೆಗಳಿಗೆ ಹೋಗುವ ಮುನ್ನ ಯಂತ್ರವನ್ನು ತೆಗೆದು ಜೊತೆಗಿರುವವರ ಕೈಗೆ ಕೊಡಬೇಕು. ತೆಗೆದ ಯಂತ್ರವನ್ನು ಕಾಗದದಲ್ಲಿ ಸುತ್ತಿಡಬೇಡಿ, ಕಸವೆಂದು ಯಾರಾದರೂ ಎಸೆದುಬಿಡುತ್ತಾರೆ. ಅದರದೇ ಡಬ್ಬಿ ಸದಾ ಜೊತೆಗಿರಲಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಬೇಕು. ಗುಗ್ಗೆಯ ವಾಸನೆಗೆ ನಾಯಿಗಳು ಯಂತ್ರವನ್ನು ಕಚ್ಚಿ ಪುಡಿಮಾಡುವುದುಂಟು.

ಇಷ್ಟೆಲ್ಲ ಮಾಡಿಯೂ ಧ್ವನಿ ಸರಿಬಾರದಿದ್ದರೆ ಯಂತ್ರದ ಹೊರಕವಚವನ್ನು ಮನೆಯಲ್ಲಿ ಬಿಚ್ಚಬಾರದು, ಮೊಬೈಲ್ ರಿಪೇರಿ ಅಂಗಡಿಗೂ ಕೊಡಬಾರದು. ಕೊಂಡ ಕೇಂದ್ರಕ್ಕೇ ಒಯ್ಯಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದು, ಶ್ರವಣ ಪರೀಕ್ಷೆಯಿಂದ ಹಿಡಿದು ಮೋಲ್ಡ್ ತಯಾರಿಕೆಯವರೆಗಿನ ಸೇವೆಗಳು ಅಲ್ಲಿ ದೊರೆಯುತ್ತವೆ. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ ಯಂತ್ರ ಪಡೆದವರು ಅದರ ಜೊತೆಗೆ ಕೊಟ್ಟ ಚೀಟಿ, ವಾರಂಟಿ ಕಾರ್ಡ್ ಮತ್ತು ಯಂತ್ರದ ಮೇಲಿನ ಸಂಖ್ಯೆಯ ಫೋಟೊವನ್ನು ಜೋಪಾನವಾಗಿಟ್ಟುಕೊಂಡಿದ್ದರೆ ದುರಸ್ತಿಯ ಸಮಯದಲ್ಲಿ ಅಲೆದಾಟ ತಪ್ಪುತ್ತದೆ. ಕೇಂದ್ರಕ್ಕೆ ಹೋಗುವಾಗ ಯಂತ್ರ ಯಾವಾಗ ನಿಲ್ಲುತ್ತದೆ, ಯಾವ ಸದ್ದು ಬರುತ್ತದೆ, ಸೆಲ್ ಎಷ್ಟು ದಿನ ಬರುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಂತ್ರವಿಲ್ಲದೆ ಕುಳಿತ ಹಿರಿಯರಿಗೆ ಅಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಕಷ್ಟವಾಗುತ್ತದೆ.